ಗ್ರೀನ್ ಸಿಗ್ನಲ್ ಕೊಟ್ಟವರು ಯಾರು?

‘ಹೈವೇಯಲ್ಲಿ ಪುಂಡರ ವ್ಹೀಲಿಂಗ್ ಹುಚ್ಚಾಟ’. ಈ ಸಾಲನ್ನು ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕ ಇಟ್ಟಿಲ್ಲ. ಸಿಸಿಟಿವಿ ದೃಶ್ಯ, ಬೈಕಿನ ಸುತ್ತ ಒಂದು ಕೆಂಪು ವೃತ್ತ, ಹಿನ್ನೆಲೆಯಲ್ಲಿ ಢಂ ಢಂ ಸಂಗೀತ, ಕೆಳಗೆ ಓಡುವ ಸ್ಕ್ರೋಲ್. ನಲವತ್ತು ಸೆಕೆಂಡ್. ‘ಒಂದು ಸಣ್ಣ ಬ್ರೇಕ್ ತಗೊಂಡು ಬರೋಣ’ ಅಂತ ಹೇಳಿ ಮುಂದಕ್ಕೆ ಹೋಗ್ತೀವಿ. ಸತ್ತವನ ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ ಇರುತ್ತೆ.

ಓದುವಾಗ ನನಗೊಂದು ಮುಜುಗರ ಇದ್ದೇ ಇರುತ್ತೆ ವೀಕ್ಷಕರೇ. ಎಂಜಿನಿಯರಿಂಗ್ ಓದುವ ಕಾಲದಲ್ಲಿ ಆ ಪುಂಡರ ಸಾಲಿನಲ್ಲಿ ನಾನೂ ನಿಂತಿದ್ದೆ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಬೇರೊಂದು ದೇಶದ, ಬೇರೊಂದು ಕಾಲದ ಪುಂಡರ ಕಥೆ ಹೇಳಬೇಕು.

2022ರ ಆಗಸ್ಟ್‌ನಲ್ಲಿ ರಜೆ ಹಾಕಿ ಅಮೆರಿಕಕ್ಕೆ ಹೋಗಿದ್ದೆ. ನಮ್ಮ ಸೋದರಮಾವ ಮಿಷಿಗನ್ ರಾಜ್ಯದ ಟ್ರಾಯ್ ಅನ್ನೋ ಊರಲ್ಲಿದ್ದಾರೆ. ಡೆಟ್ರಾಯಿಟ್‌ನ ಪಕ್ಕದ ಊರು. ಅಲ್ಲಿಗೆ ಹೋದ ಬಹಳಷ್ಟು ಕನ್ನಡಿಗರ ಹಾಗೆ ಅವರದ್ದೂ ಕಾರು ಉದ್ಯಮದಲ್ಲೇ ಕೆಲಸ. ‘ನಯಾಗರ ಆಮೇಲೆ ನೋಡಿದರಾಯ್ತು ಕಣೋ, ಶನಿವಾರ ವುಡ್‌ವರ್ಡ್‌ಗೆ ಹೋಗೋಣ, ಮೆಕ್ಯಾನಿಕಲ್ ಓದಿದವನು ನೋಡಲೇಬೇಕು’ ಅಂದರು ಮಾವ.

ವುಡ್‌ವರ್ಡ್ ಅವೆನ್ಯೂ. ಡೆಟ್ರಾಯಿಟ್ ನದಿ ದಂಡೆಯಿಂದ ಹೊರಟು ಉತ್ತರಕ್ಕೆ ಪಾಂಟಿಯಾಕ್ ಪಟ್ಟಣದವರೆಗೆ ಸುಮಾರು 43 ಕಿಲೋಮೀಟರ್ ಹೋಗುವ ರಸ್ತೆ. ಸಾಧಾರಣ ರಸ್ತೆ ಅಂದ್ಕೋಬೇಡಿ. ಅಮೆರಿಕದಲ್ಲಿ ಮೊದಲ ಒಂದು ಮೈಲಿ ಕಾಂಕ್ರೀಟ್ ಹೆದ್ದಾರಿ ಹಾಕಿದ್ದು ಇದೇ ರಸ್ತೆಯಲ್ಲಿ, 1909ರಲ್ಲಿ. ನಾವಿವತ್ತು ದಿನಾ ನೋಡುವ, ಶಾಪ ಹಾಕುವ, ನಾಲ್ಕೂ ದಿಕ್ಕಿಗೆ ಕೆಂಪು-ಹಳದಿ-ಹಸಿರು ತೋರಿಸುವ ಸಿಗ್ನಲ್ ಇದೆಯಲ್ಲ, ಅದನ್ನ 1920ರಲ್ಲಿ ತಯಾರಿಸಿದ್ದು ಡೆಟ್ರಾಯಿಟ್‌ನ ಒಬ್ಬ ಪೊಲೀಸ್, ವಿಲಿಯಂ ಪಾಟ್ಸ್ ಅಂತ. ವಾಹನಗಳನ್ನ ನಿಲ್ಲಿಸೋಕೆ ಆ ಪುಣ್ಯಾತ್ಮ ಮಾಡಿದ ಸಿಗ್ನಲ್ಲು, ನಲವತ್ತು ವರ್ಷ ಆದಮೇಲೆ ಅದೇ ಊರಿನ ಹುಡುಗರಿಗೆ ರೇಸ್ ಶುರು ಮಾಡುವ ಬಾವುಟ ಆಯ್ತು.

ಪ್ರತಿ ವರ್ಷ ಆಗಸ್ಟ್‌ನ ಮೂರನೇ ಶನಿವಾರ ಅಲ್ಲಿ ಹಳೇ ಕಾರುಗಳ ಜಾತ್ರೆ. ‘ಡ್ರೀಮ್ ಕ್ರೂಸ್’ ಅಂತಾರೆ. 1995ರಲ್ಲಿ ಫರ್ನ್‌ಡೇಲ್ ಅನ್ನೋ ಪುಟ್ಟ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸೋಕೆ ಶುರು ಮಾಡಿದ್ದು. ಈಗ ಹತ್ತು ಲಕ್ಷ ಜನ ಸೇರ್ತಾರೆ ಅಂತ ಸಂಘಟಕರು ಹೇಳ್ತಾರೆ. ರಸ್ತೆಯ ಎರಡೂ ಬದಿ ಮಡಚುವ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ, ನಮ್ಮಲ್ಲಿ ತೇರು ನೋಡೋಕೆ ಜಗಲಿ ಮೇಲೆ ಕೂತ ಹಾಗೆ. ಹೆಚ್ಚಿನವರದು ಎಪ್ಪತ್ತು ದಾಟಿದ ವಯಸ್ಸು.

ಹಾಗೆ ಕೂತಿದ್ದ ಒಬ್ಬ ತಾತನ ಪಕ್ಕ ನಮಗೂ ಜಾಗ ಸಿಕ್ತು. ಕಾರ್ಖಾನೆಯಲ್ಲಿ ದುಡಿದು ನಿವೃತ್ತಿಯಾದವರು. ಹಿಂದೆ ಅವರ ಕಾರು, 1965ರ ಪಾಂಟಿಯಾಕ್ ಜಿಟಿಒ. ಬಾನೆಟ್ ಎತ್ತಿ ತೋರಿಸಿದರು. ನಾನು ಮೆಕ್ಯಾನಿಕಲ್ ಓದಿದ್ದು ದೊಡ್ಡ ಮಾರ್ಕ್ಸ್ ತಗೊಂಡೇನಲ್ಲ, ಆದರೂ ಆ ಎಂಜಿನ್ ನೋಡಿ ಬಾಯಿ ತೆರೆದು ನಿಂತೆ. 389 ಘನ ಇಂಚು, ಅಂದ್ರೆ ಹತ್ತಿರ ಹತ್ತಿರ 6,375 ಸಿಸಿ. ನಮ್ಮ ಮಾರುತಿ 800 ನೆನಪಿದೆಯಲ್ಲ? ಅದರ ಎಂಜಿನ್ 796 ಸಿಸಿ. ಎಂಟರಿಂದ ಗುಣಿಸಿ. ಎಂಟು ಮಾರುತಿ ಎಂಜಿನ್ ಒಂದೇ ಬಾನೆಟ್ ಕೆಳಗೆ!

ಈ ಕಾರು ಹುಟ್ಟಿದ್ದೇ ಒಂದು ಕಳ್ಳದಾರಿಯಲ್ಲಿ. ನಾನು ಹೇಳಬೇಕು ಅಂದ್ಕೊಂಡಿರೋ ವಿಷಯ ಇರೋದು ಇಲ್ಲೇ.

1955ರಲ್ಲಿ ಫ್ರಾನ್ಸ್‌ನ ಲೆ ಮಾನ್ಸ್ ರೇಸಿನಲ್ಲಿ ಕಾರು ಜನರ ಮೇಲೆ ನುಗ್ಗಿ 80ಕ್ಕೂ ಹೆಚ್ಚು ಮಂದಿ ಸತ್ತರು. ಅಮೆರಿಕದಲ್ಲೂ ರೇಸ್ ಬಗ್ಗೆ ಟೀಕೆ ಜೋರಾಯಿತು. 1957ರಲ್ಲಿ ಅಲ್ಲಿನ ಕಾರು ತಯಾರಕರ ಸಂಘ ಒಂದು ನಿರ್ಣಯ ಮಾಡಿತು: ನಾವು ರೇಸಿಗೆ ನೆರವು ಕೊಡೋದಿಲ್ಲ, ಜಾಹೀರಾತಿನಲ್ಲಿ ವೇಗವನ್ನು ಹೊಗಳೋದಿಲ್ಲ. ಹೇಳಿದ್ದು ಬಹಿರಂಗವಾಗಿ, ಮುರಿದಿದ್ದು ಹಿತ್ತಲ ಬಾಗಿಲಲ್ಲಿ. ಕೊನೆಗೆ 1963ರ ಜನವರಿಯಲ್ಲಿ ಜನರಲ್ ಮೋಟಾರ್ಸ್ ತನ್ನ ಎಲ್ಲಾ ವಿಭಾಗಗಳಿಗೂ ಕಟ್ಟುನಿಟ್ಟಾಗಿ ರೇಸ್ ಬಂದ್ ಅಂತ ಆದೇಶ ಹೊರಡಿಸಿತು. ಅದರ ಜೊತೆಗೆ ಇನ್ನೊಂದು ನಿಯಮವೂ ಇತ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸುವಂತಿಲ್ಲ.

ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್. ಚುರುಕು ಆಸಾಮಿ. ಅವನ ತಂಡ ನಿಯಮದ ಪುಸ್ತಕ ಓದಿತು. ಹೊಸ ಮಾಡೆಲ್ ತರಬೇಕಾದ್ರೆ ಹೆಡ್ ಆಫೀಸಿನ ಒಪ್ಪಿಗೆ ಬೇಕು. ಆದರೆ ಇರೋ ಮಾಡೆಲ್‌ಗೆ ‘ಹೆಚ್ಚುವರಿ ಆಪ್ಷನ್’ ಸೇರಿಸೋಕೆ? ಬೇಡ! ಟೆಂಪೆಸ್ಟ್ ಅನ್ನೋ ಸಭ್ಯ ಸಂಸಾರಸ್ಥರ ಕಾರಿತ್ತು. ಅದರೊಳಗೆ ದೊಡ್ಡ ಕಾರಿನ 389 ಎಂಜಿನ್ ಇಳಿಸಿ, ಸುಮಾರು 300 ಡಾಲರ್‌ನ ಆಪ್ಷನ್ ಪ್ಯಾಕ್ ಅಂತ ಮಾರಿದರು. ಹೆಸರನ್ನ ಫೆರಾರಿಯಿಂದ ಎತ್ತಿಕೊಂಡರು: ಜಿಟಿಒ. ಐದು ಸಾವಿರ ಹೋದರೆ ಹೆಚ್ಚು ಅಂದ್ಕೊಂಡಿದ್ದರು. 1964ರಲ್ಲಿ ಹೋಗಿದ್ದು 32,450. ಎರಡು ವರ್ಷಕ್ಕೆ ಅದೇ ಸಂಖ್ಯೆ 96 ಸಾವಿರ ದಾಟಿತು. ದುಡ್ಡು ಬಂದ ಮೇಲೆ ಹೆಡ್ ಆಫೀಸಿಗೆ ನಿಯಮ ನೆನಪಾಗಲಿಲ್ಲ ಅನ್ನೋದನ್ನ ಬೇರೆ ಹೇಳಬೇಕಾ?

ಕಾಲವನ್ನೂ ಗಮನಿಸಿ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದ ಮೇಲೆ, 1946ರಿಂದ ಅಮೆರಿಕದಲ್ಲಿ ಮಕ್ಕಳು ಹುಟ್ಟಿದ್ದೇ ಹುಟ್ಟಿದ್ದು. 46ರಲ್ಲಿ ಹುಟ್ಟಿದ ಹುಡುಗನಿಗೆ 64ರಲ್ಲಿ ಹದಿನೆಂಟು. ಕೈಯಲ್ಲಿ ಲೈಸೆನ್ಸ್, ಕಾರ್ಖಾನೆಯಲ್ಲಿ ಕೆಲಸ, ಕಂತಿನಲ್ಲಿ ಕಾರು. ಅವನಿಗಾಗಿಯೇ ಶೋರೂಮಿನಲ್ಲಿ ಎಂಟು ಮಾರುತಿಯ ಎಂಜಿನ್ ಕಾಯ್ತಾ ನಿಂತಿತ್ತು.

ಇನ್ನು ಡ್ರ್ಯಾಗ್ ರೇಸ್ ಅಂದ್ರೇನು? ತಿರುವು ಇಲ್ಲ, ಸುತ್ತು ಇಲ್ಲ. ಎರಡು ಕಾರು ಅಕ್ಕಪಕ್ಕ ನಿಂತು, ನಿಂತಲ್ಲಿಂದ ಹೊರಟು, ನೇರವಾಗಿ ಕಾಲು ಮೈಲಿ, ಅಂದ್ರೆ 402 ಮೀಟರ್. ಯಾರು ಮೊದಲೋ ಅವರು ಗೆದ್ದರು. ಆ ಕಾಲದ ಒಳ್ಳೆ ಕಾರು ಇದನ್ನ 13-14 ಸೆಕೆಂಡಿನಲ್ಲಿ ಮುಗಿಸ್ತಿತ್ತು. ಗೆರೆ ದಾಟುವಾಗ ವೇಗ ಗಂಟೆಗೆ 160 ಕಿಲೋಮೀಟರ್ ಆಸುಪಾಸು. ನೋಡೋರಿಗೆ ಬರೀ ಆಕ್ಸಿಲರೇಟರ್ ಒತ್ತೋದು ಅನ್ನಿಸುತ್ತೆ. ಹಾಗಲ್ಲ. ಕಾರು ಮುನ್ನುಗ್ಗಿದಾಗ ಅದರ ಭಾರ ಹಿಂದಕ್ಕೆ ವಾಲುತ್ತೆ. ಹಿಂದಿನ ಚಕ್ರ ನೆಲವನ್ನ ಎಷ್ಟು ಗಟ್ಟಿಯಾಗಿ ಕಚ್ಚುತ್ತೋ ಅಷ್ಟೇ ಶಕ್ತಿ ರಸ್ತೆಗೆ ಇಳಿಯೋದು. ಜಾಸ್ತಿ ಒತ್ತಿದರೆ ಟೈರು ನಿಂತಲ್ಲೇ ಗರಗರ ತಿರುಗಿ ಹೊಗೆ ಬರುತ್ತೆ, ಪಕ್ಕದವನು ಹೋಗಿಬಿಡ್ತಾನೆ. ಕಡಿಮೆ ಒತ್ತಿದರೂ ಅವನೇ ಹೋಗ್ತಾನೆ. ಮಣ್ಣಿನ ಏರಿ ಮೇಲೆ ಲೋಡ್ ಟ್ರ್ಯಾಕ್ಟರ್ ಹತ್ತಿಸಿದವರಿಗೆ ಇದು ಅರ್ಥ ಆಗುತ್ತೆ. ಕಾಲಿನ ಹೆಬ್ಬೆರಳಲ್ಲಿ ಇರೋ ವಿದ್ಯೆ ಅದು.

ನಿಲ್ಲಿಸುವ ವಿದ್ಯೆ? ಅದು ಆ ಕಾರಿನಲ್ಲೇ ಇರಲಿಲ್ಲ. ಪಿಯುಸಿ ಫಿಸಿಕ್ಸ್ ನೆನಪು ಮಾಡ್ಕೊಳ್ಳಿ: ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು. 80ರಲ್ಲಿ ಹೋಗುವ ಕಾರಿಗಿಂತ 160ರಲ್ಲಿ ಹೋಗುವ ಕಾರನ್ನ ನಿಲ್ಲಿಸೋಕೆ ಬ್ರೇಕು ನಾಲ್ಕು ಪಟ್ಟು ಶಾಖ ನುಂಗಬೇಕು. 1,600 ಕಿಲೋ ತೂಕದ ಆ ಮೊದಲ ಜಿಟಿಒಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ ಒಳಗಿನ ಶಾಖ ಬೇಗ ಹೊರಗೆ ಹೋಗಲ್ಲ. ಲೈನರ್ ಕಾದು ಹಿಡಿತ ಬಿಡುತ್ತೆ. ಪೆಡಲ್ ಒತ್ತುತ್ತಾ ಇರ್ತೀರಿ, ಕಾರು ಹೋಗ್ತಾ ಇರುತ್ತೆ. ಇದನ್ನೇ ಬ್ರೇಕ್ ಫೇಡ್ ಅನ್ನೋದು. ಜಿಟಿಒಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂದಿದ್ದು 1967ರಲ್ಲಿ, ಅದೂ ಹೆಚ್ಚಿಗೆ ದುಡ್ಡು ಕೊಟ್ಟರೆ. ಮೂರು ವರ್ಷ ಓಡೋಕೆ ಬೇಕಾದ್ದೆಲ್ಲ ಮಾರಿ, ನಿಲ್ಲೋಕೆ ಬೇಕಾದ್ದನ್ನ ತಡವಾಗಿ ತಂದರು. ಒಬ್ಬ ಎಂಜಿನಿಯರ್ ಆಗಿ ನನಗೆ ಕೋಪ ಬರೋದು ಇದಕ್ಕೇ.

ತಾತ ಕಥೆ ಹೇಳ್ತಾ ಹೋದರು. ಸಂಜೆ ಡ್ರೈವ್-ಇನ್ ಹೋಟೆಲುಗಳಲ್ಲಿ ಸೇರೋದು. ರಾಯಲ್ ಓಕ್‌ನ ಟೋಟೆಮ್ ಪೋಲ್, ಆ ತುದಿಗೆ ಟೆಡ್ಸ್. ಕಾರಲ್ಲೇ ಕೂತು ಬರ್ಗರ್ ತಿನ್ನೋದು, ಒಬ್ಬರ ಬಾನೆಟ್ ಒಬ್ಬರು ಇಣುಕಿ ನೋಡೋದು. ರಸ್ತೆ ನಡುವೆ ಅಗಲವಾದ ಹುಲ್ಲಿನ ಪಟ್ಟಿ, ಅಲ್ಲಲ್ಲಿ ಯೂ ಟರ್ನ್. ಆದ್ದರಿಂದ ಮೇಲಕ್ಕೂ ಕೆಳಕ್ಕೂ ರಾತ್ರಿಯಿಡೀ ಸುತ್ತಬಹುದು. ಸಿಗ್ನಲ್‌ನಲ್ಲಿ ಪಕ್ಕದವನು ಎಂಜಿನ್ ಒಮ್ಮೆ ಗುರ್ ಅನ್ನಿಸಿದರೆ ಅದೇ ಆಹ್ವಾನ. ಹಸಿರು ಬಿದ್ದರೆ ಮುಂದಿನ ಸಿಗ್ನಲ್ ತನಕ. ‘ಪೊಲೀಸ್ ಬಂದರೆ?’ ಅಂದೆ. ‘ಬಾನೆಟ್ ಎತ್ತಿ ಕಾರು ಕೆಟ್ಟಿದೆ ಅಂತ ನಿಲ್ಲೋದು, ಸನ್’ ಅಂತ ನಕ್ಕರು. ಈ ನಾಟಕಕ್ಕೆ ದೇಶ-ಭಾಷೆ ಇಲ್ಲ ಅನ್ಸುತ್ತೆ.

ಅಲ್ಲಿ ಬರೀ ಹುಡುಗರೇ ಇದ್ದರು ಅಂದ್ಕೊಂಡರೆ ತಪ್ಪು. ಪಾಂಟಿಯಾಕ್, ಫೋರ್ಡ್, ಕ್ರೈಸ್ಲರ್ ಕಚೇರಿಗಳೆಲ್ಲ ಆ ಸುತ್ತಮುತ್ತಲೇ. ಹಗಲು ಎಂಜಿನ್ ಬರೆದವರು ರಾತ್ರಿ ಅದನ್ನ ಈ ರಸ್ತೆಗೆ ತಂದು ನೋಡ್ತಿದ್ದರು ಅನ್ನೋದು ಅಲ್ಲಿನ ಹಳಬರೆಲ್ಲ ಹೇಳುವ ಮಾತು. ಜಿಟಿಒ ಪ್ರಚಾರದ ಹಿಂದಿನ ಮೆದುಳು ಜಿಮ್ ವ್ಯಾಂಗರ್ಸ್ ಸ್ವತಃ 1960ರ ರಾಷ್ಟ್ರೀಯ ಡ್ರ್ಯಾಗ್ ರೇಸ್‌ನಲ್ಲಿ ತನ್ನ ವರ್ಗದಲ್ಲಿ ಗೆದ್ದವನು. ರಾಯಲ್ ಓಕ್‌ನ ಒಬ್ಬ ಪಾಂಟಿಯಾಕ್ ಡೀಲರ್, ‘ಬಾಬ್‌ಕ್ಯಾಟ್’ ಅನ್ನೋ ಹೆಸರಲ್ಲಿ ಕಾರುಗಳನ್ನ ಇನ್ನಷ್ಟು ಚುರುಕು ಮಾಡಿಕೊಡ್ತಿದ್ದ. ಅರವತ್ತರ ದಶಕದ ಕೊನೆಗೆ ಬಂದ ಹೊತ್ತಿಗೆ ವುಡ್‌ವರ್ಡ್ ರಸ್ತೆಗೆ ಪ್ರೀತಿ ಸಲ್ಲಿಸುವ ಜಾಹೀರಾತು ಫಲಕವನ್ನೇ ಪಾಂಟಿಯಾಕ್ ಆ ರಸ್ತೆಯಲ್ಲಿ ನಿಲ್ಲಿಸಿತು. ಬಹಳ ದಿನ ಇರಲಿಲ್ಲ, ಇಳಿಸಬೇಕಾಯ್ತು. ರೇಸ್ ನಿಷೇಧಿಸಿದ ಕಂಪನಿಯ ಫಲಕ ಅದು!

ಹಾಗಂತ ಕಾನೂನುಬದ್ಧ ದಾರಿ ಇರಲಿಲ್ವಾ? ಇತ್ತು. ಹುಡುಗರನ್ನ ರಸ್ತೆಯಿಂದ ಟ್ರ್ಯಾಕಿಗೆ ಕರೆತರಬೇಕು ಅಂತಲೇ ವಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿದ. ಡೆಟ್ರಾಯಿಟ್‌ಗೂ 1959ರಲ್ಲಿ ಒಂದು ಟ್ರ್ಯಾಕ್ ಬಂತು. ಆದರೆ ಅದು ಊರಿನ ಆ ಕಡೆ, ದಕ್ಷಿಣಕ್ಕೆ. ಅಲ್ಲಿ ಟಿಕೆಟ್, ತಪಾಸಣೆ, ಸರದಿ ಸಾಲು. ಇಲ್ಲಿ ಮನೆ ಮುಂದೆಯೇ ರಸ್ತೆ, ನೋಡೋಕೆ ಸಾವಿರ ಜನ.

ಇನ್ನೊಂದು ಗೆರೆಯನ್ನೂ ಹೇಳಬೇಕು. ಏಯ್ಟ್ ಮೈಲ್ ರೋಡ್. ಡೆಟ್ರಾಯಿಟ್ ನಗರದ ಉತ್ತರದ ಗಡಿ. ಅದರ ಈಚೆ ಕರಿಯರು ಹೆಚ್ಚುತ್ತಿದ್ದ ನಗರ, ಆಚೆ ಬಿಳಿಯರ ಉಪನಗರ. ರೇಸಿನ ಮಜಾ ನಡೀತಿದ್ದದ್ದು ಆಚೆ. 1967ರ ಜುಲೈನಲ್ಲಿ ಈಚೆ ಬದಿ ಹೊತ್ತಿ ಉರಿದು 43 ಜನ ಸತ್ತರು. ಕುರ್ಚಿ ಹಾಕಿ ಕೂತವರ ಸವಿನೆನಪಿನಲ್ಲಿ ಆ ಜುಲೈ ಅಷ್ಟಾಗಿ ಬರೋದಿಲ್ಲ.

ಆದರೆ ಆ ಗೆರೆ ದಾಟಿ ಬಂದವನೊಬ್ಬನ ಕಥೆ ಅಲ್ಲಿ ಎಲ್ಲರಿಗೂ ಗೊತ್ತು. 1970ರ ಸುಮಾರಿಗೆ ಕಪ್ಪು ಬಣ್ಣದ ಒಂದು ಡಾಡ್ಜ್ ಚಾಲೆಂಜರ್ ರಾತ್ರಿ ಹೊತ್ತು ಕಾಣಿಸಿಕೊಳ್ಳೋದು. 426 ಹೆಮಿ ಎಂಜಿನ್, ಹತ್ತಿರ ಏಳು ಲೀಟರ್. ಬರೋದು, ಗೆಲ್ಲೋದು, ಮಾಯ. ಮತ್ತೆ ಕೆಲವು ವಾರ, ಕೆಲವೊಮ್ಮೆ ತಿಂಗಳು ಪತ್ತೆ ಇಲ್ಲ. ‘ಬ್ಲ್ಯಾಕ್ ಗೋಸ್ಟ್’ ಅಂದರು, ಕಪ್ಪು ಭೂತ. ಓಡಿಸ್ತಿದ್ದವನು ಗಾಡ್ಫ್ರೆ ಕ್ವಾಲ್ಸ್, ಸೈನ್ಯದಲ್ಲಿ ಪ್ಯಾರಾಟ್ರೂಪರ್ ಆಗಿದ್ದ ಕರಿಯ ಯುವಕ. ಮಾಯ ಆಗ್ತಿದ್ದದ್ದು ಯಾಕೆ ಗೊತ್ತಾ? ಅವನು ಡೆಟ್ರಾಯಿಟ್ ಪೊಲೀಸ್! ಸಿಕ್ಕಿಬಿದ್ದರೆ ಕೆಲಸ ಹೋಗ್ತಿತ್ತು. ಎಪ್ಪತ್ತರ ದಶಕದ ಮಧ್ಯದಲ್ಲಿ ಆಟ ನಿಲ್ಲಿಸಿ ಕಾರನ್ನ ಗ್ಯಾರೇಜಿಗೆ ಹಾಕಿದ. ದಶಕಗಳ ಕಾಲ ಅದು ಹೊರಗೆ ಬರಲಿಲ್ಲ. 2015ರಲ್ಲಿ ಸಾಯುವ ಮುನ್ನ ಮಗನಿಗೆ ಕೊಟ್ಟ. ಆಮೇಲೆ ಅದು ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 2023ರ ಮೇ ತಿಂಗಳಲ್ಲಿ ಹರಾಜಾಗಿದ್ದು ಹತ್ತು ಲಕ್ಷ ಡಾಲರಿಗೆ. ಅದೇ ಹೆಸರಲ್ಲಿ ಕಂಪನಿ 300 ಹೊಸ ಕಾರು ಮಾಡಿ ಮಾರಿತು. ಅಂದು ಪೊಲೀಸರು ಹಿಡಿಯಬೇಕಾಗಿದ್ದ ಕಾರು ಇವತ್ತು ಪರಂಪರೆ. ನನಗೂ ಆ ಕಥೆ ಇಷ್ಟ, ಸುಳ್ಳು ಹೇಳಲ್ಲ. ಆದರೆ ಗೆದ್ದು ಮನೆಗೆ ಹೋದವನ ಕಾರು ಮಾತ್ರ ಹರಾಜಿಗೆ ಬರುತ್ತೆ.

ಆ ಆಟ ಮುಗಿದಿದ್ದು ಬುದ್ಧಿ ಬಂದು ಅಲ್ಲ, ಲೆಕ್ಕ ತಪ್ಪಿ. ಅಮೆರಿಕದ ರಸ್ತೆಗಳಲ್ಲಿ 1966ರ ಒಂದೇ ವರ್ಷ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಎಲ್ಲಾ ರೇಸಿನಿಂದಲ್ಲ ಖಂಡಿತ. ಹಿಂದಿನ ವರ್ಷವಷ್ಟೇ ರಾಲ್ಫ್ ನೇಡರ್ ಅನ್ನೋ ಯುವ ವಕೀಲ, ತಪ್ಪು ಓಡಿಸುವವನದ್ದು ಮಾತ್ರ ಅಲ್ಲ, ತಯಾರಿಸುವವನದ್ದೂ ಹೌದು ಅಂತ ಪುಸ್ತಕ ಬರೆದಿದ್ದ. 66ರಲ್ಲೇ ವಾಹನ ಸುರಕ್ಷತೆಯ ಕಾಯ್ದೆ ಬಂತು. ವಿಮಾ ಕಂಪನಿಗಳು ಹುಡುಗರ ಇಂಥ ಕಾರಿಗೆ ಪ್ರೀಮಿಯಂ ಏರಿಸಿದವು. 1970ರ ಶುದ್ಧ ಗಾಳಿ ಕಾಯ್ದೆ ಬಂದ ಮೇಲೆ ಎಂಜಿನ್‌ಗಳ ಕಂಪ್ರೆಷನ್ ಇಳಿಯಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು, ಬಂಕ್ ಮುಂದೆ ಕ್ಯೂ. 74ರಲ್ಲಿ ಇಡೀ ದೇಶಕ್ಕೆ ಗಂಟೆಗೆ 55 ಮೈಲಿಯ ಮಿತಿ. ಅದೇ ವರ್ಷ ಆ ಕಾಲದ ಕೊನೆಯ ಜಿಟಿಒ ಬಂತು, ಏಳು ಸಾವಿರ ಚಿಲ್ಲರೆ ಮಾರಾಟವಾಯಿತು.

ಈಗ ನನ್ನ ವಿಷಯ. ನಮ್ಮ ಕಾಲೇಜಿನ ಹತ್ತಿರ ಹೊಸ ಬೈಪಾಸ್ ಆಗಿತ್ತು. ನನ್ನ ರೂಂಮೇಟ್ ಹತ್ರ ಒಂದು ಹಳೇ ಆರ್‌ಎಕ್ಸ್ 100. ಮೂರನೇ ಕೈ ಗಾಡಿ, 98 ಸಿಸಿ, ಆದರೆ ಎಳೆತ ಅಂದ್ರೆ ಎಳೆತ. ಅದರ ಸೌಂಡ್ ಕೇಳಿದವರಿಗೆ ಗೊತ್ತು. ರಾತ್ರಿ ಹನ್ನೊಂದರ ಮೇಲೆ ಇಬ್ಬಿಬ್ಬರು ನಿಲ್ಲೋದು, ಮೈಲಿಗಲ್ಲಿನಿಂದ ಮೈಲಿಗಲ್ಲಿಗೆ. ನಾನು ಓಡಿಸ್ತಿರಲಿಲ್ಲ, ಭಯ. ನನ್ನ ಕೆಲಸ ಟಾರ್ಚ್ ಹಾಕೋದು. ಅದು ಹೊತ್ತಿದರೆ ರೇಸ್ ಶುರು. ಒಂದು ರಾತ್ರಿ ನಾನು ಟಾರ್ಚ್ ಹಾಕಿದೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್ ಲೈಟಿಲ್ಲದೆ ಪಕ್ಕದ ಹಾದಿಯಿಂದ ರಸ್ತೆಗೆ ಏರಿತ್ತು. ಅವನು ಬದುಕಿದ. ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯ್ತು.

ಮರುದಿನ ಪತ್ರಿಕೆಯಲ್ಲಿ ಮೂರು ಸಾಲು. ಟಾರ್ಚ್ ವಿಷಯ ಇರಲಿಲ್ಲ.

ನಮ್ಮ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್, 2019ರ ತಿದ್ದುಪಡಿ ಆದಮೇಲೆ, ರಸ್ತೆಯಲ್ಲಿ ರೇಸ್ ಮಾಡಿದವನಿಗೆ ಮೊದಲ ಸಲ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅನ್ನುತ್ತೆ. ಹುಡುಗ ಅಪ್ರಾಪ್ತನಾದರೆ ಪೋಷಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು. ಇರಲಿ, ಬೇಕು. ಆದರೆ ನಾನು ವ್ಹೀಲಿಂಗ್ ಸುದ್ದಿ ಓದಿ ‘ಸಣ್ಣ ಬ್ರೇಕ್’ ಅಂತೀನಲ್ಲ, ಒಂದು ದಿನ ಸ್ಟುಡಿಯೋ ಮಾನಿಟರ್ ನೋಡ್ತಾ ಕೂತೆ. ಆ ಬ್ರೇಕ್‌ನಲ್ಲಿ ಬಂದ ಮೊದಲ ಜಾಹೀರಾತೇ ಒಂದು ಬೈಕಿನದು. ಖಾಲಿ ರಸ್ತೆ, ಮುಂದಿನ ಚಕ್ರ ಗಾಳಿಯಲ್ಲಿ, ಕೆಳಗೆ ಇರುವೆ ಗಾತ್ರದ ಅಕ್ಷರ: ತರಬೇತಿ ಪಡೆದವರು ಮಾಡಿದ್ದು, ಅನುಕರಿಸಬೇಡಿ. ನನ್ನ ಸಂಬಳದಲ್ಲಿ ಅದರ ಪಾಲೂ ಇದೆ. ಮೀಟಿಂಗ್‌ನಲ್ಲಿ ಒಮ್ಮೆ ಎತ್ತಿದೆ, ಕನಿಷ್ಠ ಆ ಸುದ್ದಿ ಪಕ್ಕದಲ್ಲಿ ಹಾಕೋದು ಬೇಡ ಅಂತ. ‘ನೋಡೋಣ ಬಿಡಿ’ ಅಂದರು. ಇನ್ನೂ ನೋಡ್ತಿದ್ದಾರೆ.

ಮತ್ತೆ ವುಡ್‌ವರ್ಡ್‌ಗೆ ಬರ್ತೀನಿ. ಸಂಜೆ ಹೊರಡುವ ಮುಂಚೆ ತಾತನನ್ನ ಕೇಳಿದೆ, ನಿಮ್ಮ ಜೊತೆಯವರೆಲ್ಲ ಇವತ್ತು ಬಂದಿದ್ದಾರಾ ಅಂತ. ಅವರು ಕಾರಿನ ಗ್ಲೋವ್ ಬಾಕ್ಸ್ ತೆರೆದು ಒಂದು ಫೋಟೋ ತೆಗೆದರು. ನಾಲ್ಕು ಹುಡುಗರು, ಒಂದು ಕಾರು. ಒಬ್ಬನ ಮೇಲೆ ಬೆರಳಿಟ್ಟು ‘ವಿಯೆಟ್ನಾಂ’ ಅಂದರು. ಇನ್ನೊಬ್ಬನ ಮೇಲೆ ಬೆರಳಿಟ್ಟು ಏನೂ ಹೇಳದೆ, ರಸ್ತೆಯಾಚೆ ಒಂದು ಯೂ ಟರ್ನ್ ಕಡೆ ಗದ್ದ ಎತ್ತಿ ತೋರಿಸಿದರು. ಅಲ್ಲಿ ಈಗ ಮಕ್ಕಳು ಐಸ್‌ಕ್ರೀಂ ತಿಂತಾ ನಿಂತಿದ್ದರು.

ಆಗ ನಮ್ಮೂರಲ್ಲಿ ಬೆಳಗಿನ ಜಾವ. ಆದರೂ ರೂಂಮೇಟ್‌ಗೆ ಫೋನ್ ಮಾಡಿದೆ. ಅವನೀಗ ಒಂದು ಕಂಪನಿಯಲ್ಲಿ ಡಿಸೈನ್ ಎಂಜಿನಿಯರ್, ಇಬ್ಬರು ಮಕ್ಕಳು. ಎಲ್ಲಿದ್ದೀನಿ ಅಂತ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದ.

‘ಮಗಾ, ಹೆಮಿ ಯಾವುದಾದ್ರೂ ಬಂತಾ? ಸೌಂಡ್ ಕೇಳಿಸೋ’ ಅಂದ.

ಫೋನನ್ನ ರಸ್ತೆ ಕಡೆ ಹಿಡಿದು ನಿಂತೆ.